ಹಿಂದಿನ ಸೀಟಿನ ಪ್ಲಾಸ್ಟಿಕ್

ಕಾರು ಮನೆಗೆ ಬಂದ ದಿನ ನಾನು ದಿನಚರಿಯಲ್ಲಿ ಎರಡೂವರೆ ಪುಟ ಬರೆದಿದ್ದೇನೆ. ಹಿಂದಿನ ದೀಪಗಳಿಗೇ ಅರ್ಧ ಪುಟ ಹೋಗಿದೆ: ಎಡ ಅಂಚಿನಿಂದ ಬಲ ಅಂಚಿನವರೆಗೆ ಒಂದೇ ಕೆಂಪು ಗೆರೆ, ಕೀಲಿ ಒತ್ತಿದರೆ ಅದು ನಡುವಿನಿಂದ ಎರಡೂ ಕಡೆ ಹರಿದುಹೋಗುತ್ತದೆ, ಇತ್ಯಾದಿ. ಚಾವಣಿಯ ಗಾಜಿನ ಕಿಂಡಿ, ಬಾಗಿಲಿನ ಒಳ ಅಂಚಿನಲ್ಲಿ ಬಣ್ಣ ಬದಲಿಸುವ ದೀಪ, ಸೀಟಿನೊಳಗಿಂದ ಬರುವ ತಣ್ಣನೆಯ ಗಾಳಿ, ಎಲ್ಲವೂ ದಾಖಲಾಗಿವೆ. ಅವ್ವನ ಬಗ್ಗೆ ಒಂದು ಸಾಲೂ ಇಲ್ಲ. ಕಾರು ತಂದದ್ದೇ ಅವ್ವನಿಗಾಗಿ ಎಂದು ಮಾತ್ರ ಓಣಿಯ ತುಂಬ ಹೇಳಿಕೊಂಡು ತಿರುಗಿದ್ದೆವು.

ನಾನು ಹುಕ್ಕೇರಿಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಧಾರವಾಡದಲ್ಲಿ ಎಂ.ಎ. ಓದುವಾಗ ಕಲಿತದ್ದರಲ್ಲಿ ಉಪಯೋಗಕ್ಕೆ ಬಂದದ್ದು ಒಂದೇ: ಸಾಕ್ಷಿ ಹೇಳುವವನು ಮೊದಲು ತನ್ನನ್ನು ಒಳ್ಳೆಯವನನ್ನಾಗಿ ಮಾಡಿಕೊಳ್ಳುತ್ತಾನೆ. ಹಾಗಾಗಿ ಇದನ್ನು ಬರೆಯುವಾಗ ನಾನು ಒಳ್ಳೆಯವನಂತೆ ಕಾಣುವ ಜಾಗ ಬಂದಾಗಲೆಲ್ಲ ದಿನಚರಿ ತೆಗೆದು ನೋಡಿದ್ದೇನೆ. ದಿನಚರಿಯನ್ನೂ ಪೂರ್ತಿ ನಂಬಿಲ್ಲ. ಅದನ್ನು ಬರೆದವನೂ ನಾನೇ.

ನಮ್ಮದು ಗೋಕಾಕದಲ್ಲಿ ಕೂರುವ, ಮಲಗುವ ವಸ್ತುಗಳ ಮನೆತನ. ಅಜ್ಜ ಹೆಗಲ ಮೇಲೆ ಬಿಲ್ಲು ಹೊತ್ತುಕೊಂಡು ಊರೂರಿಗೆ ಹೋಗಿ ಹತ್ತಿ ಹಿಂಜುತ್ತಿದ್ದ. ಅಪ್ಪ ಗಾದಿ ಹೊಲಿದ. ಅಣ್ಣ ಟ್ರ್ಯಾಕ್ಟರು, ಟಂಟಂ, ಟೆಂಪೊಗಳಿಗೆ ಸೀಟು ಕಟ್ಟುವ ಅಂಗಡಿ ಇಟ್ಟಿದ್ದಾನೆ. ಅವನು ಯಾರ ಮನೆಗೆ ಹೋದರೂ ಕುರ್ಚಿಯಲ್ಲಿ ಕೂರುವ ಮೊದಲು ಅದಕ್ಕೆ ಹೆಬ್ಬೆರಳು ಒತ್ತುತ್ತಾನೆ. ಕುಂಡೆ ನೋವಿನಿಂದ ಹಿಡಿದು ಸಂಸಾರದ ಜಗಳದವರೆಗೆ ಎಲ್ಲದಕ್ಕೂ ಒಳಗೆ ತುಂಬಿದ್ದು ಸರಿಯಿಲ್ಲದಿರುವುದೇ ಕಾರಣ ಎಂದು ಅವನ ನಂಬಿಕೆ.

ಅವ್ವನ ಎರಡೂ ಮೊಣಕಾಲು ಸವೆದಿವೆ. ನಮಾಜನ್ನು ಕುರ್ಚಿಯ ಮೇಲೆ ಕೂತೇ ಮಾಡುತ್ತಾಳೆ. ಕೂರುವುದು, ಏಳುವುದು ಹೇಗೋ ನಡೆಯುತ್ತದೆ. ಮೊಣಕಾಲು ತಿರುಚಿದಂತಾದರೆ ಮಾತ್ರ ಉಸಿರು ಹಿಡಿದುಕೊಳ್ಳುತ್ತಾಳೆ. ಅವಳು ವಾರಕ್ಕೊಮ್ಮೆ ಹೊರಗೆ ಹೊರಡುವುದು ಒಂದೇ ಊರಿಗೆ, ಬೆಲ್ಲದ ಬಾಗೇವಾಡಿಯ ತನ್ನ ಅಕ್ಕನ ಮನೆಗೆ. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಅಣ್ಣ ಅಂಗಡಿ ತೆರೆಯುವುದಿಲ್ಲ. ಅವ್ವನನ್ನು ಕರೆದುಕೊಂಡು ಹೋಗುತ್ತಾನೆ. ದೊಡ್ಡವ್ವ ಸೊಂಟ ಮುರಿದುಕೊಂಡ ಮೇಲೆ ಹೊಸ್ತಿಲು ದಾಟಿಲ್ಲ. ಅಕ್ಕ ತಂಗಿ ಇಬ್ಬರೂ ಸೇರಿ ಒಂದು ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆಗಳ ತುಂಡು ಜೋಡಿಸಿ, ಅವ್ವ ಒಂದು ತುದಿಯಿಂದ, ದೊಡ್ಡವ್ವ ಇನ್ನೊಂದು ತುದಿಯಿಂದ. ದೊಡ್ಡವ್ವನ ಮೊಮ್ಮಗಳು ಬಸುರಿ. ಕೂಸು ಬರುವುದರೊಳಗೆ ಎರಡು ಹೊಲಿಗೆಗಳೂ ನಡುವೆ ಕೂಡಬೇಕು. ಅಲ್ಲಿ ಇಲಿ ಕಾಟವೆಂದು ಕೌದಿ ಇರುತ್ತಿದ್ದದ್ದು ನಮ್ಮ ಮನೆಯಲ್ಲಿ. ಆದರೆ ಒಬ್ಬಳಿಲ್ಲದಾಗ ಇನ್ನೊಬ್ಬಳು ಸೂಜಿ ಮುಟ್ಟಬಾರದು ಎಂಬ ಕರಾರು ಇತ್ತು.

ಇದೆಲ್ಲ ನಡೆಯುತ್ತಿದ್ದದ್ದು ಅಣ್ಣನ ಹಳೆಯ ವ್ಯಾನಿನಲ್ಲಿ. ಪಕ್ಕಕ್ಕೆ ಸರಿಯುವ ಬಾಗಿಲು, ಸೊಂಟದೆತ್ತರದ ಸೀಟು, ಅದರ ಮೇಲೆ ಅಣ್ಣನೇ ಹೊಲಿದ ನುಣ್ಣನೆಯ ರೆಗ್ಜಿನು. ಅವ್ವ ಬೆನ್ನು ತಿರುಗಿಸಿ ಕೂತು, ಸರ್ರನೆ ಒಳಗೆ ಜಾರುತ್ತಿದ್ದಳು. ಅದರಲ್ಲಿ ಯಾವ ವೈಶಿಷ್ಟ್ಯವೂ ಇರಲಿಲ್ಲ. ಹೀಗಾಗಿ ನಮಗೆ ಅದರ ಮೇಲೆ ಗೌರವವೂ ಇರಲಿಲ್ಲ.

ವ್ಯಾನು ಮಾರುವ ಮಾತು ಎದ್ದದ್ದು ಅಣ್ಣನ ಹೆಂಡತಿ, ನಮ್ಮ ವೈನಿಯ ತವರು ಮೂಡಲಗಿಯಿಂದ. ಅವಳ ಅಣ್ಣ ಅಲ್ಲಿ ಒಂದು ಎತ್ತರದ ಗಾಡಿ ಕೊಂಡ. ವೈನಿ ವಾರದ ತುಂಬ ಅದರ ಎತ್ತರವನ್ನು ಬಣ್ಣಿಸಿದಳು. ಕೊನೆಗೆ ಅಣ್ಣ ಸಿಡುಕಿದ: "ಎತ್ತರ ಇದ್ರ ಲಾರಿನೂ ಐತಿ. ಡಿಕ್ಕಿ ಹೊರಗ ಕಾಣಿಸಿದ್ರ ಅದಕ್ಕ ಕಾರ್ ಅಂತಾರ." ಅಲ್ಲಿಗೆ ಉದ್ದನೆಯ ಕಾರು ನಿಶ್ಚಯವಾಯಿತು. ಯಾವುದೆಂದು ಹುಡುಕುವ ಕೆಲಸ ಓದಿದವನೆಂದು ನನಗೆ ಬಂತು. ನಾನು ಹತ್ತೆಂಟು ವಿಡಿಯೊ ನೋಡಿ, ವಿದ್ಯಾರ್ಥಿಗಳ ಉತ್ತರ ಪತ್ರಿಕೆಗೂ ಕೊಡದಷ್ಟು ಗಮನ ಕೊಟ್ಟು ಒಂದು ಪಟ್ಟಿ ಮಾಡಿದೆ. ಚಾವಣಿ ಹಿಂದಕ್ಕೆ ಇಳಿಜಾರಾಗಿ ಡಿಕ್ಕಿಗೆ ಕೂಡುವ ವಿನ್ಯಾಸ 'ಓಡುವ ಕುದುರೆಯ ಬೆನ್ನಿನಂತೆ' ಎಂದು ಪಟ್ಟಿಯಲ್ಲಿ ಬರೆದಿದ್ದೇನೆ. ಕುದುರೆಯ ಬೆನ್ನಿನ ಕೆಳಗೆ ಯಾರೂ ಕೂರುವುದಿಲ್ಲ ಎಂಬುದು ಹೊಳೆದಿರಲಿಲ್ಲ.

ಬೆಳಗಾವಿಯ ಶೋರೂಮಿಗೆ ನಾಲ್ವರೂ ಹೋದೆವು. ಟೈ ಕಟ್ಟಿದ ಮಾರಾಟಗಾರ ನಮ್ಮನ್ನು ಸುತ್ತಿಸಿ ತೋರಿಸಿದ.

"ಸರ್, ಇದು ವೆಂಟಿಲೇಟೆಡ್ ಸೀಟು. ಬೇಸಿಗೆಯಲ್ಲಿ ಬೆನ್ನು ಬೆವರೋದೇ ಇಲ್ಲ."

ಅಣ್ಣ ಹೆಬ್ಬೆರಳು ಒತ್ತಿದ. "ಒಳಗ ಏನ್ ತುಂಬೀರಿ?"

"ಫೋಮ್ ಸರ್."

"ಫೋಮ್ ಗೊತ್ತೈತ್ರಿ. ಯಾವ ಡೆನ್ಸಿಟಿದು?"

"ಪ್ರೀಮಿಯಂ ಸರ್."

"ಪ್ರೀಮಿಯಂ ಅನ್ನೂ ಡೆನ್ಸಿಟಿ ಇನ್ನೂ ಹುಟ್ಟಿಲ್ರಿ," ಎಂದ ಅಣ್ಣ. ಆಮೇಲೆ ಹೊಲಿಗೆ ನೋಡಿ, ಇದನ್ನು ಯಾರೋ ಊಟಕ್ಕೆ ಹೊತ್ತಾದವರು ಹೊಲಿದಿದ್ದಾರೆ ಎಂದು ತೀರ್ಪು ಕೊಟ್ಟ. ವೈನಿ ಮೊಬೈಲಿನಲ್ಲಿ ವಿಡಿಯೊ ಮಾಡುತ್ತ, ಗಾಜಿನ ಕಿಂಡಿಗೆ ಕೈ ತೋರಿಸಿ, "ನಮ್ಮಣ್ಣನ ಗಾಡಿಗೂ ಐತಿ ಬಿಡ್ರಿ, ಆದ್ರ ಇಷ್ಟ ದೊಡ್ಡದಿಲ್ಲ" ಎಂದಳು. ಇಷ್ಟರ ನಡುವೆ ಅವ್ವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ನೋಡಿದೆವು. ಅವಳು ಕೂತು, ಸಲೀಸಾಗಿ ಒಳಗೆ ತಿರುಗಿದಳು. ಮಾರಾಟಗಾರ ಚಪ್ಪಾಳೆ ತಟ್ಟುವುದೊಂದು ಬಾಕಿ. "ನೋಡಿ ಸರ್, ಅಮ್ಮ ಎಷ್ಟು ಈಸಿಯಾಗಿ ಕೂತ್ರು!" ಅವತ್ತೇ ಕಾರು ಗೊತ್ತು ಮಾಡಿದೆವು, ವಾರದೊಳಗೆ ವ್ಯಾನು ಮಾರಿದೆವು. ನನ್ನ ನೆನಪಿನಲ್ಲಿ ಅವ್ವನ ಕೈ ಹಿಡಿದು ಕೂರಿಸಿದವನು ನಾನು.

ಕಾರು ಓಣಿಗೆ ಬಂದಾಗ ಸೀಟುಗಳ ಮೇಲೆ ಪ್ಲಾಸ್ಟಿಕ್ ಇತ್ತು. ನಮ್ಮ ಕಡೆ ಅದನ್ನು ಯಾರೂ ತೆಗೆಯುವುದಿಲ್ಲ. ಅದು ತಾನಾಗಿ ಹರಿದು, ಅಂಚು ಹಳದಿಯಾಗಿ, ಚಿಂದಿ ಚಿಂದಿಯಾಗಿ ಉದುರಬೇಕು. ಅಲ್ಲಿಯವರೆಗೆ ಕಾರು ಹೊಸದು. ಅವತ್ತು ಅದನ್ನು ಅಣ್ಣ ಕಿತ್ತುಹಾಕಿದ ಎಂದು ನಾನು ಸ್ಟಾಫ್ ರೂಮಿನಲ್ಲಿ ಮೂರು ಬಾರಿ ಹೇಳಿದ್ದೇನೆ. ದಿನಚರಿ ಹೀಗಿದೆ: "ಪ್ಲಾಸ್ಟಿಕ್ ನಾನೇ ಹರಿದೆ. ಓಣಿ ನೋಡುತ್ತಿತ್ತು." ಕೆಳಗೆ ಒಂದು ಸಣ್ಣ ಭಾಷಣವೂ ಇದೆ, ನಮ್ಮ ಜನ ವಸ್ತುಗಳನ್ನು ಬಳಸುವುದಿಲ್ಲ, ಕಾಯುತ್ತಾರೆ ಎಂಬರ್ಥದ್ದು. ಓಣಿಯಲ್ಲಿ ನಿಂತು ಅದನ್ನೇ ನಮ್ಮ ಭಾಷೆಯಲ್ಲಿ ಅಂದದ್ದೂ ಈಗ ನೆನಪಾಗುತ್ತಿದೆ: "ಪ್ಲಾಸ್ಟಿಕ್ ಮ್ಯಾಲ ಕುಂದ್ರೋರು ಇನ್ನೂ ಮಂದ್ಯಾಗ ಬರಾಕ ಲಾಯಕ್ಕಿಲ್ಲ." ಅವ್ವ ಬಾಗಿಲಲ್ಲಿ ನಿಂತು, "ಇರ್ಲಿ ಬಿಡಪಾ, ನಾಕ ದಿನ" ಅಂದಿದ್ದಳು. ಇದನ್ನು ಬರೆದಿಟ್ಟಿಲ್ಲ.

ಮೊದಲ ಶುಕ್ರವಾರ ಅವ್ವ, ಅಣ್ಣ, ನಾನು ಮೂವರೂ ಹೊರಟೆವು. ಕಾರು ತಗ್ಗು. ಅವ್ವ ಬೆನ್ನು ಕೊಟ್ಟು ಕೂತಳು. ಕಾಲು ಒಳಗೆ ತರುವಾಗ ಸೀರೆ ಸೀಟಿಗೆ ಹಿಡಿದುಕೊಂಡಿತು. ಮೈ ಒಂದು ಕಡೆ ಉಳಿದು ಮೊಣಕಾಲು ಇನ್ನೊಂದು ಕಡೆ ತಿರುಚಿತು. ಅವಳು ಬಾಗಿಲ ಮೇಲಿನ ಹಿಡಿಕೆ ಹಿಡಿದು ಕಣ್ಣು ಮುಚ್ಚಿದಳು. "ಬಿಸ್ಮಿಲ್ಲಾ ಅನ್ನಾಕತ್ತಾಳ," ಎಂದ ಅಣ್ಣ.

ದಾರಿಯುದ್ದಕ್ಕೂ ಮಾತಾಡಿದ್ದು ಕಾರು. ಘಟಪ್ರಭಾ ದಾಟಿದ ಮೇಲೆ ರಸ್ತೆಗೆ ಬಿಳಿ ಗೆರೆ ಇಲ್ಲ. ಗೆರೆ ಬಿಟ್ಟು ಹೋಗದಂತೆ ಕಾಯುವ ವ್ಯವಸ್ಥೆ ಸ್ವಲ್ಪ ಹೊತ್ತು ಹುಡುಕಿ, ಆಮೇಲೆ ಬಣವೆಯ ನೆರಳನ್ನೇ ಗೆರೆಯೆಂದು ತಿಳಿದು ಸ್ಟಿಯರಿಂಗ್ ಎಳೆಯಿತು. ಅಣ್ಣ ತನ್ನ ಕಡೆ ಎಳೆದ. ಇಬ್ಬರೂ ಹೀಗೆ ಒಂದು ಮೈಲು ಜಗ್ಗಾಡಿದರು. ಕಬ್ಬಿನ ಸುಗ್ಗಿ, ಎದುರಿಗೆ ಜೋಡಿ ಟ್ರೇಲರಿನ ಟ್ರ್ಯಾಕ್ಟರು ರಸ್ತೆಯನ್ನೆಲ್ಲ ತುಂಬಿಕೊಂಡು, ಹಾಡು ಹಚ್ಚಿಕೊಂಡು ಬಂದರೆ ಕಾರು ಕಿರುಚಿ ತಾನೇ ಬ್ರೇಕ್ ಹಾಕಿತು. ಹಿಂದಿನ ಬೈಕಿನವನು ನಮ್ಮ ಏಳು ತಲೆಮಾರನ್ನು ನೆನೆದು ಮುಂದೆ ಹೋದ.

"ಭಾಳ ಅಂಜುಬುರುಕ ಐತಿ ಇದು," ಎಂದ ಅಣ್ಣ.

"ಸುರಕ್ಷತಾ, ಅಣ್ಣಾ."

"ನಮ್ಮ ವ್ಯಾನಿಗೆ ಯಾವ ಟ್ರ್ಯಾಕ್ಟರಿನ ಅಂಜಿಕಿನೂ ಇದ್ದಿದ್ದಿಲ್ಲ."

ದೊಡ್ಡವ್ವನ ಬಾಗಿಲಲ್ಲಿ ಎಂಜಿನ್ ನಿಲ್ಲಿಸಿದ ಕೂಡಲೇ ಪರದೆಯ ಮೇಲೆ ಒಂದು ಸೂಚನೆ ಮಿನುಗಿ ಗಂಟೆ ಬಾರಿಸಿತು: ಹಿಂದಿನ ಸೀಟು ನೋಡಿ. ಕೂಸುಗಳನ್ನು ಮರೆತು ಇಳಿದುಹೋಗುವ ತಂದೆತಾಯಿಗಳಿಗಾಗಿ ಅದನ್ನು ಇಟ್ಟಿದ್ದಾರೆಂದು ನಾನು ಅಣ್ಣನಿಗೆ ವಿವರಿಸಿದೆ. ವಿವರಿಸುವಾಗ ನಾನೂ ಹಿಂದೆ ನೋಡಲಿಲ್ಲ.

ವಾಪಸು ಹೊರಡುವಾಗ ಅವ್ವನಿಗೆ ಕಾಲು ಒಳಗೆ ತರಲಾಗಲೇ ಇಲ್ಲ. ಎರಡು ಬಾರಿ ನೋಡಿದಳು. ಮೂರನೆಯ ಬಾರಿ ಅಣ್ಣ ಒಂದು ಕಾಲು, ನಾನೊಂದು ಕಾಲು ಎತ್ತಿ, ಚೀಲ ಹೇರಿದಂತೆ ಒಳಗೆ ಹಾಕಿದೆವು. ಸೀರೆ ಮೊಣಕಾಲವರೆಗೆ ಸರಿಯಿತು. ಎದುರು ಕಟ್ಟೆಯ ಮೇಲೆ ಐದಾರು ಗಂಡಸರು ಕೂತಿದ್ದರು, ನೋಡಿ ಮುಖ ತಿರುಗಿಸಿದರು. ಅವ್ವ ಗೋಕಾಕದವರೆಗೆ ಸೆರಗು ಬಿಗಿಯಾಗಿ ಹೊದ್ದುಕೊಂಡು ಕೂತಿದ್ದಳು. ಬಾಗಿಲ ಅಂಚಿನ ದೀಪ ನೀಲಿಯಿಂದ ನೇರಳೆಗೆ, ನೇರಳೆಯಿಂದ ಗುಲಾಬಿಗೆ ಹೋಗುತ್ತಿತ್ತು. ಅದನ್ನು ಹೇಗೆ ನಿಲ್ಲಿಸುವುದೆಂದು ನಮಗೆ ಗೊತ್ತಿರಲಿಲ್ಲ.

ಮರುವಾರ ಅವ್ವ, "ನನಗ ಇವತ್ತ ತಲಿ ಸುತ್ತಾಕತ್ತೈತಿ" ಎಂದಳು. ಅದರ ಮರುವಾರ ಹೊಸ ಕಾರಿನ ವಾಸನೆಗೆ ಹೊಟ್ಟೆ ತೊಳಸುತ್ತದೆ ಎಂದಳು. ಕೌದಿಯ ಗಂಟು ಅವಳ ಟ್ರಂಕಿನಲ್ಲೇ ಉಳಿಯಿತು. ಅಣ್ಣ ಮಾತ್ರ ರೋಗ ಕಂಡುಹಿಡಿದಿದ್ದ.

"ಸೀಟ್ ತಗ್ಗ ಐತಿ. ನಾಕ ಇಂಚ ತುಂಬಿದ್ರ ಆತು."

"ಕಂಪನಿ ಪುಸ್ತಕದಾಗ ಸೀಟಿಗೆ ಕವರ್ ಹಾಕಬ್ಯಾಡ್ರಿ ಅಂತ ಬರದಾರ," ಎಂದೆ ನಾನು. "ಬಾಜೂಕ ಗಾಳಿಚೀಲ ಅದಾವು. ಮತ್ತ ಒಳಗಿಂದ ಗಾಳಿ ಬರೂದೂ ನಿಂದರ್ತೈತಿ."

"ಕಂಪನ್ಯಾವ್ರ ಅಜ್ಜ ಹತ್ತಿ ಹಿಂಜಿದ್ನೇನ?"

ಆ ಪ್ರಶ್ನೆಗೆ ಉತ್ತರ ಕೊಡುವವರು ಪುಸ್ತಕದಲ್ಲಿ ಇರಲಿಲ್ಲ. ಅಣ್ಣ ಪಕ್ಕದ ಗಾಳಿಚೀಲದ ಜಾಗ ಬಿಟ್ಟು, ಉಳಿದದ್ದಕ್ಕೆಲ್ಲ ಅಂಗಡಿಯ ಅತ್ಯುತ್ತಮ ಫೋಮು ತುಂಬಿ, ಮೇಲೆ ಕಂದು ಬಣ್ಣದ ಮಖಮಲ್ಲು ಹೊಲಿದ. ಹೊಲಿಗೆ ನಿಜವಾಗಿಯೂ ಚೆನ್ನಾಗಿತ್ತು. ಗಾಳಿಯ ಸ್ವಿಚ್ ಒತ್ತಿದರೆ ಗಾದಿಯ ಕೆಳಗೆಲ್ಲೋ ಜೇನುಹುಳು ಸಿಕ್ಕಿಕೊಂಡಂತೆ ಸದ್ದು ಬರುತ್ತಿತ್ತು, ಅಷ್ಟೆ. ಅಂಗಳದಲ್ಲಿ ಅವ್ವನನ್ನು ಕೂರಿಸಿದೆವು. ಈಗ ಕೂರುವುದು ಸುಲಭವಾಯಿತು, ತಿರುಗುವುದು ಇನ್ನೂ ಕಷ್ಟ. ಮಖಮಲ್ಲು ಸೀರೆಯನ್ನು ಬಿಡಲೇ ಇಲ್ಲ. ಹೇಗೋ ಒಳಗೆ ಸೇರಿದಾಗ ಓಡುವ ಕುದುರೆಯ ಬೆನ್ನು ಅವಳ ನೆತ್ತಿಗೆ ಬಡಿಯಿತು. ಅವ್ವ ತಲೆ ತಗ್ಗಿಸಿ, ತಪ್ಪು ಮಾಡಿದ ಹುಡುಗಿಯಂತೆ ಕೂತಳು.

"ಅತ್ತಿ, ಮ್ಯಾಲಿನ ಕಿಂಡಿ ತಗದ್ರ ತಲಿ ಹೊರಗ ಹೋಗತೈತಿ ನೋಡ್ರಿ," ಎಂದು ವೈನಿ ನಕ್ಕಳು. ಕಿಂಡಿ ಮುಂದಿನ ಸೀಟಿನವರಿಗೆ ಎಂಬುದು ಆಮೇಲೆ ತಿಳಿಯಿತು. ಅವ್ವನೂ ನಕ್ಕಳು. ಅವಳು ನಕ್ಕಿದ್ದರಿಂದ ನಮಗೆಲ್ಲ ಹಗುರಾಯಿತು. ನಾಚಿಕೆಯ ಸಂಗತಿ ಬರೆಯುವುದಾದರೆ ಇದನ್ನೇ ಬರೆಯಬೇಕು.

ಹೀಗೆ ತಪ್ಪಿದ ಮೂರನೆಯ ಶುಕ್ರವಾರ ದೊಡ್ಡವ್ವನ ಫೋನು ಬಂತು. ಅವ್ವನಿಗೆ ಕಿವಿ ಮಂದ, ಹಾಗಾಗಿ ಫೋನಿನ ದನಿ ಇಡೀ ಮನೆಗೆ ಕೇಳುತ್ತದೆ.

"ಏನವಾ, ಉದ್ದನ ಗಾಡಿ ಬಂದ ಮ್ಯಾಲ ದೊಡ್ಡಾಕಿ ಆದಿ?"

"ಹಂಗೇನಿಲ್ಲಕ್ಕಾ. ಮೈಯಾಗ ಹುಷಾರಿಲ್ಲ."

"ನಿನ್ನ ಗಾಡಿಗೆ ನಮ್ಮೂರ ದೂಳ ಆಗಿ ಬರೂದಿಲ್ಲ ಅಂತ ಹೇಳಲ್ಲಾ. ಹುಡಿಗಿಗೆ ದಿವಸ ತುಂಬ್ಯಾವು. ಕೂಸಿಗೆ ಏನ್ ಹೊದಿಸಲಿ, ನಿನ್ನ ಗಾಡಿ ಫೋಟೊ ಹೊದಿಸ್ಲ್ಯಾ?"

ಮಕ್ಕಳು ನನಗಾಗಿ ತಂದ ಕಾರಿನಲ್ಲಿ ನನಗೆ ಕೂರಲಾಗುವುದಿಲ್ಲ ಎಂದು ಅವ್ವ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅದರ ಬದಲು ಅಕ್ಕನ ಕಣ್ಣಲ್ಲಿ ಸೊಕ್ಕಿನವಳಾಗುವುದನ್ನು ಆರಿಸಿಕೊಂಡಳು. ಫೋನು ಇಟ್ಟು ಒಳಗೆ ಹೋಗಿ, ಟ್ರಂಕು ತೆಗೆದು, ಸುಮ್ಮನೆ ಮುಚ್ಚಿದ ಸದ್ದು ಕೇಳಿಸಿತು.

ನನಗೆ ಒಂದು ಪ್ರಶ್ನೆ ಅಂಟಿಕೊಂಡಿತು. ಶೋರೂಮಿನಲ್ಲಿ ಇದೇ ಅವ್ವ, ಇದೇ ಮೊಣಕಾಲು, ಇದೇ ತಗ್ಗು ಸೀಟು. ಅಲ್ಲಿ ಹೇಗೆ ಕೂತಳು? ನಾನು ಕೈ ಹಿಡಿದದ್ದರಿಂದಲೇ ಎಂದು ನನ್ನ ನೆನಪು ಸಲಹೆ ಕೊಟ್ಟಿತು. ನಾನು ವೈನಿಯ ವಿಡಿಯೊ ಕೇಳಿ ತೆಗೆದುಕೊಂಡೆ. ಅಡುಗೆಮನೆಯ ಕಟ್ಟೆಗೆ ಆತು ನಿಂತು ನೋಡಿದೆ.

ವಿಡಿಯೊದಲ್ಲಿ ಅವ್ವನ ಕೈ ಹಿಡಿದವನು ಮಾರಾಟಗಾರ. ನಾನು ಕಾರಿನ ಹಿಂದೆ ಇದ್ದೇನೆ. ಡಿಕ್ಕಿಯ ಕೆಳಗೆ ಗಾಳಿಯಲ್ಲಿ ಕಾಲು ಬೀಸುತ್ತಿದ್ದೇನೆ. ಹಾಗೆ ಬೀಸಿದರೆ ಡಿಕ್ಕಿ ತಾನೇ ತೆರೆಯುತ್ತದೆ. ತೆರೆಯುತ್ತದೆ. ಮುಚ್ಚುತ್ತೇನೆ. ಮತ್ತೆ ಬೀಸುತ್ತೇನೆ. ಅವ್ವ ಕೂರುವುದು, ತಿರುಗುವುದು, ಏಳುವುದು ಎಲ್ಲ ಮುಗಿಯುವವರೆಗೆ ನಾನು ಬೀದಿನಾಯಿಯನ್ನು ಓಡಿಸುವವನಂತೆ ಕಾಲು ಬೀಸುತ್ತಲೇ ಇದ್ದೇನೆ. ಒಮ್ಮೆಯೂ ಮುಖ ಎತ್ತಿಲ್ಲ.

ಮೂರನೆಯ ಬಾರಿ ನೋಡುವಾಗ ಸದ್ದು ಕೇಳಿಸಿತು. ಅವ್ವ ತಿರುಗುವಾಗ ಚರಚರ ಎನ್ನುವ ಸದ್ದು. ಅವಳ ಸೀರೆಯ ಕೆಳಗೆ ಸೀಟು ದೀಪದ ಬೆಳಕಿಗೆ ಹೊಳೆಯುತ್ತಿತ್ತು. ಪ್ಲಾಸ್ಟಿಕ್.

ಅವ್ವ ಹೊರಗೆ ಕುರ್ಚಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಹೋಗಿ ಎದುರು ಕೂತೆ.

"ಅವ್ವಾ, ಅಲ್ಲಿ ನೀ ಪ್ಲಾಸ್ಟಿಕ್ ಮ್ಯಾಲ ಜಾರಿದ್ದಿ."

"ಹೂಂ."

"ನಿನಗ ಗೊತ್ತಿತ್ತೇನ?"

"ಕುಂತಾಕಿ ನಾನು. ನನಗ ಗೊತ್ತಿರದ ನಿನಗ ಗೊತ್ತಿರತೈತೇನ?"

"ಮತ್ತ ಹೇಳಬೇಕಿಲ್ಲ?"

ಅವಳು ಸಿಪ್ಪೆ ಊದಿದಳು. "ಪ್ಲಾಸ್ಟಿಕ್ ಮ್ಯಾಲ ಕುಂದ್ರೋರು ಮಂದ್ಯಾಗ ಬರಾಕ ಲಾಯಕ್ಕಿಲ್ಲ ಅಂದ್ಯಲ್ಲಪಾ, ಓಣಿ ತುಂಬ. ಓದಿದಾಂವ ನೀ. ನಿಮ್ಮಣ್ಣ ನೋಡಿದ್ರ ಮಖಮಲ್ ಹೊಲಿಯಾಕ ಎರಡ ದಿವಸ ಅಂಗಡಿ ಮುಚ್ಚಿದ. ನಿಮ್ಮಿಬ್ಬರ ನಡುವ ನಾ ಎಲ್ಲಿ ಬಾಯಿ ಹಾಕ್ಲಿ?"

ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ವಾದಿಸಬಹುದಿತ್ತು. ನಾನು ಆ ಮಾತನ್ನು ನಿಜವಾಗಿ ಹೇಳಿದ್ದೆನೇ, ಅವಳೇ ಸೇರಿಸಿದಳೇ ಎಂದು ಅವತ್ತು ಒಂದು ಕ್ಷಣ ಅನುಮಾನಪಟ್ಟೆ ಕೂಡ. ಅವಳು ಹೇಳಿದ ಮೇಲೆ ನನಗೆ ನೆನಪಾದದ್ದೋ, ಮೊದಲೇ ನೆನಪಿದ್ದದ್ದೋ ಇವತ್ತಿಗೂ ಬಗೆಹರಿದಿಲ್ಲ. ಬಗೆಹರಿಯುವುದರಿಂದ ಅವಳ ಮೂರು ಶುಕ್ರವಾರಗಳೇನೂ ವಾಪಸು ಬರುವುದಿಲ್ಲ.

"ಪ್ಯಾಟ್ಯಾಗಿಂದ ಒಂದ ಪ್ಲಾಸ್ಟಿಕ್ ತರ್ತೀನಿ," ಎಂದು ಎದ್ದೆ.

"ಯಾಕ ತರ್ತಿ? ಐತಿ."

ಒಳಗೆ ಹೋಗಿ ಟ್ರಂಕು ತೆಗೆಸಿದಳು. ನಾನು ಹರಿದು ಗಟಾರದ ಪಕ್ಕ ಎಸೆದ ಪ್ಲಾಸ್ಟಿಕ್ಕನ್ನು ಅವಳು ಅವತ್ತೇ ಎತ್ತಿಟ್ಟಿದ್ದಳು, ತೊಳೆದು, ಒಣಗಿಸಿ, ಹರಿದ ಕಡೆ ದೊಡ್ಡ ಸೂಜಿಯಿಂದ ಹೊಲಿದು. ಕೌದಿಯನ್ನು ಅದರಲ್ಲೇ ಸುತ್ತಿಟ್ಟಿದ್ದಳು.

ಅಣ್ಣನಿಗೆ ಹೇಳುವುದೇ ಕಷ್ಟದ ಕೆಲಸವಾಯಿತು. ತುಂಬಿದ್ದು ತಪ್ಪಲ್ಲ, ಮೇಲಿನ ಹಾಸು ತಪ್ಪು ಎಂದು ಒಪ್ಪಿಸಲು ಒಂದು ಇಡೀ ಚಹಾ ಬೇಕಾಯಿತು. ಅವನು ಹೆಬ್ಬೆರಳಿನಿಂದ ಮಖಮಲ್ಲನ್ನು ಎರಡೂ ಕಡೆಗೆ ಸವರಿ ನೋಡಿದ. ವ್ಯಾನಿಗೆ ರೆಗ್ಜಿನು ಹಾಕಿದ್ದವನೂ ತಾನೇ ಎಂಬುದು ಆಗ ಅವನಿಗೆ ನೆನಪಾಗಿರಬೇಕು. ಬ್ಲೇಡು ತಂದು, ತನ್ನ ಹೊಲಿಗೆಯನ್ನು ತಾನೇ ಬಿಚ್ಚಿ, ತುಂಬಿದ ಫೋಮನ್ನೂ ಹೊರತೆಗೆದ.

ಮುಂದಿನ ಶುಕ್ರವಾರ, ನಮಾಜಾದ ಮೇಲೆ, ಹೊಸ ಕಾರಿನ ಹಿಂದಿನ ಸೀಟಿನ ಮೇಲೆ ತೇಪೆ ಹಾಕಿದ ಪ್ಲಾಸ್ಟಿಕ್ ಹಾಸಿದೆವು. ಓಣಿ ನೋಡುತ್ತಿತ್ತು. ಅವ್ವ ಬೆನ್ನು ಕೊಟ್ಟು ಕೂತಳು, ಹಿಡಿಕೆ ಹಿಡಿದಳು, ಚರಚರ ಎಂದು ಒಳಗೆ ತಿರುಗಿದಳು. ತಲೆ ಚಾವಣಿಗೆ ತಾಗಲಿಲ್ಲ. ಸೆರಗು ಸರಿಮಾಡಿಕೊಂಡು, "ನಡೀರಿ, ಹೊತ್ತಾತು" ಎಂದಳು, ತಡಮಾಡಿದವರು ನಾವೇ ಎಂಬಂತೆ. ಕೌದಿ ಅವಳ ತೊಡೆಯ ಮೇಲಿತ್ತು. ಡಿಕ್ಕಿಯಲ್ಲಿ ಏನೂ ಇರಲಿಲ್ಲ.

ಬೆಲ್ಲದ ಬಾಗೇವಾಡಿಯಲ್ಲಿ ದೊಡ್ಡವ್ವ ಪಡಸಾಲೆಯ ಮಂಚದ ಮೇಲಿಂದಲೇ ತೆರೆದ ಕಾರಿನೊಳಗೆ ಕಣ್ಣು ಹಾಯಿಸಿದಳು. ಕಟ್ಟೆಯ ಗಂಡಸರೂ ಇದ್ದರು.

"ಏನ ಮಾಸ್ತರ," ಎಂದು ಅವರಿಗೂ ಕೇಳುವಂತೆ ನನ್ನನ್ನು ಕರೆದಳು, "ಇಷ್ಟ ಓದಿ ಕಾರಿನ ಪ್ಲಾಸ್ಟಿಕ್ ತಗ್ಯಾಕ ಬರೂದಿಲ್ಲ? ಮಂದಿ ಏನಂದಾರು?"

ಅವ್ವ ನನ್ನ ಮುಖ ನೋಡಿದಳು. ನನ್ನ ಬಳಿ ಉತ್ತರ ತಯಾರಿತ್ತು: ಘರ್ಷಣೆ, ಮೊಣಕಾಲಿನ ಕೀಲು, ವಿಡಿಯೊ ಸಾಕ್ಷಿ.

"ಬರೂದಿಲ್ಲ ದೊಡ್ಡವ್ವಾ," ಎಂದೆ.

ಅವ್ವ ಆಗಲೇ ಮಂಚದ ಇನ್ನೊಂದು ತುದಿಯಲ್ಲಿ ಕೂತು ಕೌದಿ ಬಿಡಿಸುತ್ತಿದ್ದಳು. ಇಬ್ಬರ ಹೊಲಿಗೆಯ ನಡುವೆ ಇನ್ನೂ ಒಂದೂವರೆ ಗೇಣು ಬಾಕಿಯಿತ್ತು. ದೊಡ್ಡವ್ವ ಸೂಜಿಗೆ ದಾರ ಪೋಣಿಸುತ್ತ, ತಾನಿಲ್ಲದಾಗ ಹೊಲಿದಿಲ್ಲವಷ್ಟೆ ಎಂದು ತಂಗಿಯ ಕಡೆಯ ಹೊಲಿಗೆಗಳನ್ನು ಒಂದೊಂದಾಗಿ ಎಣಿಸತೊಡಗಿದಳು.